ನೀರಿನ ಹಳೆಯ ಹಕ್ಕು ಮತ್ತು ಹೊಸ ಅನುಮತಿ



ನೆಲದ ಗಡಿಯನ್ನು ಕುರಿತು ನಾವು ಬಹುಕಾಲದಿಂದ ಮಾತನಾಡುತ್ತ ಬಂದಿದ್ದೇವೆ. ನೀರಿನ ಹಕ್ಕನ್ನು ಕುರಿತು ಅಷ್ಟಾಗಿ ಆಲೋಚಿಸಿಲ್ಲ. ಗಡಿಕಲ್ಲು ನೆಟ್ಟ ಕಡೆ ನಿಲ್ಲುತ್ತದೆ, ಹೊಳೆ ನಿಲ್ಲುವುದಿಲ್ಲ. ಖಾನಾಪುರ ತಾಲ್ಲೂಕಿನ ದೇಗಾಂವದ ಬಳಿ ಹುಟ್ಟುವ ಮಹದಾಯಿಯು ಗೋವೆಯನ್ನು ಹೊಕ್ಕು, ಮಾಂಡೋವಿ ಎಂಬ ಹೆಸರನ್ನು ತಳೆದು, ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಅದೇ ತಾಲ್ಲೂಕಿನ ಹಲಸಿಯನ್ನೂ ಗೋವೆಯನ್ನೂ ಒಂದೇ ಕದಂಬ ಮನೆತನವು ಆಳಿದುದನ್ನು ಕನ್ನಡ ಶಾಸನಗಳು ಸಾರುತ್ತವೆ. ಆದುದರಿಂದ ಗೋವೆಯ ನೀರಿನ ಕಥೆ ನಮಗೆ ಪರಕೀಯವಲ್ಲ.

ಹಳೆಯ ಕಾಲದ ನೀರಿನ ಹಕ್ಕುಗಳು ಇಂದು ಒಂದೊಂದಾಗಿ ಅಳಿಯುತ್ತಿವೆ. ಅವುಗಳ ಸ್ಥಾನದಲ್ಲಿ ಸರ್ಕಾರದ ಅನುಮತಿಪತ್ರಗಳೂ ನ್ಯಾಯಾಧಿಕರಣಗಳ ಹಂಚಿಕೆಗಳೂ ಬರುತ್ತಿವೆ. ಈ ಬದಲಾವಣೆ ಬೇಕೆ ಬೇಡವೆ ಎಂಬ ಪ್ರಶ್ನೆಯ ಕಾಲ ಮುಗಿಯಿತು. ಬದಲಾವಣೆಯಲ್ಲಿ ಹಳ್ಳಿಗೆ ಏನು ಉಳಿಯಬೇಕು ಎಂಬುದೇ ಈಗಿನ ಪ್ರಶ್ನೆ.

ಗೋವೆಯ ಹಳ್ಳಿಗಳಲ್ಲಿ ಪೋರ್ಚುಗೀಸರ ಆಗಮನಕ್ಕಿಂತ ಮೊದಲೇ ಗಾಂವಕರಿ ಎಂಬ ಗ್ರಾಮಸಂಸ್ಥೆ ಇದ್ದಿತು. ಅದರ ಕಟ್ಟುಕಟ್ಟಳೆಗಳನ್ನು 1526ರಲ್ಲಿ ಅಫೊನ್ಸೊ ಮೆಕ್ಸಿಯಾ ಎಂಬ ಪೋರ್ಚುಗೀಸ್ ಅಧಿಕಾರಿ ಬರೆಯಿಸಿಟ್ಟನು. ಅಲ್ಲಿಯ ಖಾಜಣ ಗದ್ದೆಗಳು ಕಡಲ ಭರತದ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಮಣ್ಣಿನ ಒಡ್ಡು ಹಾಕಿ, ಮರದ ಬಾಗಿಲುಳ್ಳ ತೂಬನ್ನಿಟ್ಟು, ಉಪ್ಪುನೀರನ್ನು ತಡೆದು ಅಲ್ಲಿ ಭತ್ತ ಬೆಳೆದರು. ಭರತ ಬಂದಾಗ ಆ ಬಾಗಿಲು ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಇಳಿತದಲ್ಲಿ ತಾನೇ ತೆರೆದುಕೊಳ್ಳುತ್ತದೆ. ತೂಬಿನಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕಿ, ಬಂದ ಹಣದಿಂದ ಒಡ್ಡನ್ನು ದುರಸ್ತಿ ಮಾಡುತ್ತಿದ್ದರು. ಹಕ್ಕೂ ಹೊಣೆಯೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತಿದ್ದವು.

ಆ ವ್ಯವಸ್ಥೆ ಎಲ್ಲರಿಗೂ ನ್ಯಾಯವಾಗಿತ್ತೆಂದು ಹೇಳಲಾಗದು. ಗಾಂವಕಾರರ ಮನೆತನದ ಗಂಡಸರಿಗೆ ಪಾಲಿತ್ತು. ಕೆಸರಿನಲ್ಲಿ ದುಡಿದವನಿಗೆ ಮಾತಿರಲಿಲ್ಲ. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆ ಹೊಂದಿತು. 1964ರಲ್ಲಿ ಗೇಣಿ ಕಾಯಿದೆ ಬಂದಿತು. ಉಳುವವನಿಗೆ ರಕ್ಷಣೆ ದೊರೆತುದು ಸರ್ವಥಾ ಯುಕ್ತವೇ. ಒಡ್ಡು ಕಾಯುವ ಭಾರವು ಗೇಣಿದಾರರ ಸಂಘಗಳ ಹೆಗಲಿಗೆ ಬಿದ್ದಿತು. ಆದರೆ ಹಳೆಯ ಸಂಸ್ಥೆಯ ಅಧಿಕಾರ ಕುಗ್ಗಿದಷ್ಟು ಬೇಗನೆ ಹೊಸ ಸಂಘಗಳ ಶಕ್ತಿ ಬೆಳೆಯಲಿಲ್ಲ. ಹಲವೆಡೆ ಮೀನಿನ ಲಾಭಕ್ಕಾಗಿ ತೂಬನ್ನು ತೆರೆದಿಟ್ಟರು, ಒಡ್ಡು ಒಡೆಯಿತು, ಭತ್ತದ ಗದ್ದೆಗೆ ಉಪ್ಪುನೀರು ನುಗ್ಗಿತು. ಹಕ್ಕು ಕೈ ಬದಲಾಯಿಸುವಾಗ ಹೊಣೆಯನ್ನು ದಾರಿಯಲ್ಲಿಯೇ ಬಿಟ್ಟರೆ ಆಗುವುದು ಇದೇ.

ಬಾವಿಯ ಸಂಗತಿಯೂ ಇದಕ್ಕೆ ಹತ್ತಿರವಾದುದು. ಗೋವೆಯ 2002ರ ಅಂತರ್ಜಲ ಕಾಯಿದೆಯ ಮೇರೆಗೆ ಬಾವಿಗಳನ್ನು ನೋಂದಾಯಿಸಬೇಕು, ಹೊಸ ಬಾವಿಗೆ ಅನುಮತಿ ಪಡೆಯಬೇಕು. ಕರ್ನಾಟಕವೂ 2011ರಲ್ಲಿ ಅಂತರ್ಜಲ ಕಾಯಿದೆಯನ್ನು ಮಾಡಿತು. ನೆಲದೊಡೆಯನು ತನ್ನ ನೆಲದಡಿಯ ನೀರನ್ನೆಲ್ಲ ಮನಬಂದಂತೆ ಎತ್ತಬಹುದೆಂಬ ಹಳೆಯ ಭಾವನೆಗೆ ಇಂಥ ಕಡಿವಾಣ ಅವಶ್ಯ. ಆದರೆ ತಲೆತಲಾಂತರದಿಂದ ಒಂದು ಕೇರಿ ಸೇದಿಕೊಂಡು ಬಂದ ಬಾವಿಗೂ, ಟ್ಯಾಂಕರಿನಲ್ಲಿ ನೀರು ಮಾರುವವನ ಬಾವಿಗೂ ಅಧಿಕಾರಿಯ ಕಡತದಲ್ಲಿ ವ್ಯತ್ಯಾಸ ಕಾಣಬೇಕು. ಅದು ಕಾಣದಿದ್ದರೆ ಅರ್ಜಿ ಬರೆಯಲು ಬಲ್ಲವನಿಗೆ ನೀರು, ಬಾರದವನಿಗೆ ಬರಿಗೊಡ.

ದೂರದ ನ್ಯೂಜಿಲೆಂಡ್ ದೇಶದಲ್ಲಿಯೂ ಇಂಥ ಪ್ರಸಂಗ ಒದಗಿತು. ಅಲ್ಲಿಯ ಒಟಾಗೊ ಪ್ರಾಂತದಲ್ಲಿ 1860ರ ದಶಕದ ಚಿನ್ನದ ಗಣಿಗಾರಿಕೆಯ ಕಾಲದಿಂದ ಬಂದ ನೀರಿನ ಹಕ್ಕುಗಳು ಮುಂದೆ ಹೊಲಗಳ ನೀರಾವರಿಗೆ ಬಳಕೆಯಾದವು. 1991ರ ಕಾಯಿದೆಯು ಅವುಗಳಿಗೆ 30 ವರ್ಷಗಳ ಗಡುವನ್ನು ವಿಧಿಸಿತು. 2021ರ ಅಕ್ಟೋಬರ್ 1ಕ್ಕೆ ಅವು ಮುಗಿಯುವುದೆಂದು ಎಲ್ಲರಿಗೂ ಮೊದಲೇ ತಿಳಿದಿತ್ತು. ಆದರೂ ಹೊಸ ನಿಯಮಗಳು ಸಕಾಲಕ್ಕೆ ಸಿದ್ಧವಾಗದೆ, ಆರು ವರ್ಷಗಳ ಅಲ್ಪಾವಧಿ ಅನುಮತಿಗಳ ಮೊರೆ ಹೋಗಬೇಕಾಯಿತು.

ಗಡುವು ಮುಗಿದ ಮೇಲೆ ಎಚ್ಚರಗೊಳ್ಳುವ ದುರ್ಗತಿಯನ್ನು ಕನ್ನಡಿಗರಿಗಿಂತ ಚೆನ್ನಾಗಿ ಬಲ್ಲವರಾರು? ಮೈಸೂರು ಮತ್ತು ಮದರಾಸುಗಳ ನಡುವಣ 1924ರ ಕಾವೇರಿ ಒಪ್ಪಂದದ ಅವಧಿ 50 ವರ್ಷ. ಅದು 1974ಕ್ಕೆ ತೀರಿತು. ನ್ಯಾಯಾಧಿಕರಣ ರಚನೆಯಾದುದು 1990ರಲ್ಲಿ, ಅದರ ಅಂತಿಮ ತೀರ್ಪು ಬಂದುದು 2007ರಲ್ಲಿ. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಶತಕೋಟಿ ಘನ ಅಡಿಗಳೆಂದು, ಎಂದರೆ ಅಷ್ಟು ಟಿ.ಎಂ.ಸಿ. ಎಂದು, ನಿಗದಿಪಡಿಸಿತು. ಒಪ್ಪಂದ ತೀರಿದಂದಿನಿಂದ ನಲವತ್ತನಾಲ್ಕು ವರ್ಷ! ಆ ವ್ಯಾಜ್ಯದಲ್ಲಿ ನಾವು ವಾದಿಸಿದುದೇನು? ಮೊದಲು ಬಳಸಿದವನಿಗೇ ಸದಾಕಾಲ ಹೆಚ್ಚಿನ ನೀರೆಂಬುದು ಅನ್ಯಾಯ. ಕಾಲ ಬದಲಾದಂತೆ ಹಂಚಿಕೆಯೂ ಬದಲಾಗಬೇಕು ಎಂದು. ಆ ವಾದ ಸರಿಯಾದುದು.

ಆದರೆ ಅಳತೆಗೋಲು ಒಂದೇ ಇರಬೇಕು. ಮಹದಾಯಿಯಲ್ಲಿಯೂ ನಾವು ಮೇಲ್ದಂಡೆಯವರು; ಗೋವೆಯ ಗದ್ದೆ, ಮೀನು, ಕುಡಿಯುವ ನೀರು ಕೆಳಗಿವೆ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಾಧಿಕರಣವು ಗೋವೆಗೆ 24, ಕರ್ನಾಟಕಕ್ಕೆ 13.42, ಮಹಾರಾಷ್ಟ್ರಕ್ಕೆ 1.33 ಟಿ.ಎಂ.ಸಿ. ನೀರನ್ನು ಹಂಚಿತು. ನಮ್ಮ ಪಾಲಿನಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ದೊರೆತುದು ಕಳಸಾದಿಂದ 1.72, ಬಂಡೂರಾದಿಂದ 2.18, ಒಟ್ಟು 3.9 ಮಾತ್ರ. 2020ರ ಫೆಬ್ರವರಿಯಲ್ಲಿ ಕೇಂದ್ರವು ತೀರ್ಪನ್ನು ರಾಜಪತ್ರದಲ್ಲಿ ಪ್ರಕಟಿಸಿತು. ಮೂರು ರಾಜ್ಯಗಳೂ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವು. 2015ರಿಂದ ನರಗುಂದ, ನವಲಗುಂದಗಳ ರೈತರು ಹಿಡಿದ ಹೋರಾಟ ನ್ಯಾಯವಾದುದು. ಬಾಯಾರಿದವನ ಬೇಡಿಕೆಯನ್ನು ಅಲ್ಲಗಳೆಯುವ ಧರ್ಮವಿಲ್ಲ. ಹಾಗೆಯೇ ಹೊಳೆಯ ಸಿಹಿನೀರು ಕುಗ್ಗಿದರೆ ಉಪ್ಪು ಒಳನಾಡಿಗೆ ಏರುವುದೆಂಬ ಗೋವೆಯ ರೈತನ ಭಯವೂ ಸುಳ್ಳಲ್ಲ. ಕಾವೇರಿಯಲ್ಲಿ ಒಂದು ನ್ಯಾಯ, ಮಹದಾಯಿಯಲ್ಲಿ ಇನ್ನೊಂದು ನ್ಯಾಯ ಎಂದರೆ ನಮ್ಮ ಮಾತಿಗೆ ತೂಕ ಉಳಿಯದು.

ಈ ಅಂಕಿಗಳಲ್ಲೆಲ್ಲ ರಾಜ್ಯಗಳ ಹೆಸರಿದೆ, ಹಳ್ಳಿಯ ಹೆಸರಿಲ್ಲ. ಕಳಸಾ ಹಳ್ಳ ಹರಿಯುವ ಕಣಕುಂಬಿಯವರು ತಮ್ಮ ಊರ ನೀರು ತಿರುಗಿದ ಮೇಲೆ ತಮಗೆಷ್ಟು ಉಳಿಯಿತೆಂದು ಯಾರನ್ನು ಕೇಳಬೇಕು? ನಾಡು ಒಂದಾಗಬೇಕೆಂಬುದು ಸಮಿತಿಯ ಧ್ಯೇಯ. ಒಂದಾದ ನಾಡಿನಲ್ಲಿಯೂ ಹಳ್ಳಿಯ ಕೊಡ ಬರಿದಾಗಿದ್ದರೆ ಆ ಧ್ಯೇಯಕ್ಕೆ ಅರ್ಥವೇನು?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಹಳೆಯ ಹಕ್ಕು ತೀರುವ ಮುನ್ನವೇ ಹೊಸ ಏರ್ಪಾಡು ಸಿದ್ಧವಾಗಿರಬೇಕು. ಪ್ರತಿಯೊಂದು ಅನುಮತಿಯಲ್ಲಿಯೂ ನೀರು ಪಡೆಯುವವನ ಹೆಸರಿನೊಡನೆ ಒಡ್ಡು, ತೂಬು, ಹೂಳುಗಳ ಹೊಣೆ ಹೊರುವವನ ಹೆಸರೂ ಇರಬೇಕು. ಹೊಳೆಯ ಮೂಲದ ಹಳ್ಳಿಗಳ ಕುಡಿಯುವ ನೀರು ಎಲ್ಲ ಹಂಚಿಕೆಗೂ ಮೊದಲು ಬರಬೇಕು. ಗಡಿ ಯಾವ ಕಡೆಗಿದ್ದರೂ, ಕಾಗದವು ಆ ಹಳ್ಳಿಯವರು ಓದಬಲ್ಲ ಭಾಷೆಯಲ್ಲಿರಬೇಕು: ನಮ್ಮಲ್ಲಿ ಕನ್ನಡ, ಗೋವೆಯಲ್ಲಿ ಕೊಂಕಣಿ ಅಥವಾ ಮರಾಠಿ.

ಪ್ರತಿ ಊರಿನವರೂ ತಮ್ಮ ಕೆರೆ, ಹಳ್ಳ, ಬಾವಿಗಳ ಪಟ್ಟಿಯನ್ನು, ಯಾರು ಎಂದಿನಿಂದ ಬಳಸುತ್ತಿದ್ದಾರೆ, ಯಾರು ದುರಸ್ತಿ ಮಾಡುತ್ತಾರೆ ಎಂಬ ವಿವರದೊಡನೆ ಈ ಬೇಸಿಗೆಯೊಳಗೆ ಬರೆದಿಡಿರಿ. ನೀರುಗಂಟಿಯ ನೆನಪಿನಲ್ಲಿ ಮಾತ್ರ ಇರುವ ಕಟ್ಟಳೆ ಅವನೊಡನೆ ಹೋಗಿಬಿಡುತ್ತದೆ. ಗ್ರಾಮಸಭೆ ಒಪ್ಪಿ ಸಹಿ ಹಾಕಿದ ಪಟ್ಟಿಯನ್ನು ನಾಳೆ ಅಧಿಕಾರಿಯ ಮುಂದೆ ಇಡಬಹುದು.