ಎಣಿಕೆಯ ಹಾಡು, ತಪ್ಪುವ ಗೊಂಬೆ

ಜತ್ತ ತಾಲೂಕಿನ ಪೂರ್ವಭಾಗದ ಸಂಖ, ಉಮದಿ, ತಿಕೋಂಡಿಯಂಥ ಊರುಗಳಲ್ಲಿ ಕನ್ನಡ ಶಾಲೆಗೆ ಹೋಗುವ ಮಗು ಒಂದೇ ದಿನದಲ್ಲಿ ಮೂರು ಬಗೆಯ ಎಣಿಕೆಯನ್ನು ಕೇಳುತ್ತದೆ. ಬೆಳಿಗ್ಗೆ ತರಗತಿಯಲ್ಲಿ ‘ಇಪ್ಪತ್ತೆರಡು’ ಎಂದು ಕಲಿಯುತ್ತದೆ. ಸಂಜೆ ಸಂತೆಯಲ್ಲಿ ಅದೇ ಸಂಖ್ಯೆ ‘ಬಾವೀಸ’ ಆಗಿರುತ್ತದೆ. ರಾತ್ರಿ ಮನೆಯಲ್ಲಿ ಹಿರಿಯರು ಮೊಬೈಲ್ ಸಂಖ್ಯೆಯನ್ನು ಯಾರಿಗಾದರೂ ತಿಳಿಸುವಾಗ ‘ಟೂ, ಟೂ’ ಎನ್ನುತ್ತಾರೆ. ದೊಡ್ಡವರಿಗೆ ಇದು ಗಮನಕ್ಕೂ ಬಾರದ ಸಂಗತಿ. ಆರು ವರ್ಷದ ಮಗುವಿಗೆ ಇದು ನಿತ್ಯದ ದುಡಿಮೆ. ಈ ಮೂರರಲ್ಲಿ ಯಾವ ಎಣಿಕೆ ಅದರ ನಾಲಿಗೆಯಲ್ಲಿ ನೆಲೆಸುತ್ತದೆಯೋ, ಲೆಕ್ಕದ ವೇಳೆಯಲ್ಲಿ ಅದರ ಮನಸ್ಸು ಆ ಭಾಷೆಗೇ ಹೊರಳುತ್ತದೆ.

ಎಳೆಯ ಮಕ್ಕಳಿಗೆ ಎಣಿಕೆ ಕಣ್ಣಿಗಿಂತ ಮೊದಲು ಕಿವಿಯಿಂದ ಬರುತ್ತದೆ. ಅಂಕಿಯ ಆಕಾರ ತಿಳಿಯುವ ಮುನ್ನವೇ ಒಂದು, ಎರಡು, ಮೂರು ಎಂಬ ಸಾಲು ಹಾಡಿನ ಹಾಗೆ ಬಾಯಿಗೆ ಬಂದಿರುತ್ತದೆ. ಅದಕ್ಕೇ ಲೋಕದ ಹಲವು ಭಾಷೆಗಳ ಶಿಶುಗೀತೆಗಳಲ್ಲಿ ಎಣಿಕೆಯ ಹಾಡಿಗೆ ಸ್ಥಾನವಿದೆ. ಅಮೆರಿಕದಲ್ಲಿ ಈ ಹಾಡನ್ನು ಗೊಂಬೆಗಳ ಬಾಯಿಗೆ ಹಾಕಿದ ಪ್ರಯೋಗವೊಂದು ಬಹಳ ಹೆಸರು ಮಾಡಿತು. 1969ರ ನವೆಂಬರ್ 10ರಂದು ಆರಂಭವಾದ ‘ಸೆಸಮಿ ಸ್ಟ್ರೀಟ್’ ಎಂಬ ದೂರದರ್ಶನ ಕಾರ್ಯಕ್ರಮದ ಉದ್ದೇಶ, ಶಾಲೆಗೆ ಸೇರುವ ಮೊದಲೇ ಹಿಂದೆ ಬೀಳುವ ಬಡಮನೆಗಳ ಮಕ್ಕಳಿಗೆ ಅಕ್ಷರವನ್ನೂ ಅಂಕಿಯನ್ನೂ ಆಟದಲ್ಲಿ ಕಲಿಸುವುದಾಗಿತ್ತು. 1972ರಲ್ಲಿ ಅದಕ್ಕೆ ‘ಕೌಂಟ್’ ಎಂಬ ಗೊಂಬೆ ಸೇರಿತು. ಕಪ್ಪು ಮೇಲಂಗಿ ತೊಟ್ಟ, ಕೋರೆಹಲ್ಲಿನ ಈ ರಕ್ತಪಿಶಾಚಿಗೆ ರಕ್ತದ ಗೊಡವೆಯೇ ಇಲ್ಲ. ಕಂಡದ್ದನ್ನೆಲ್ಲ ಎಣಿಸುವುದೊಂದೇ ಅದರ ಹುಚ್ಚು. ಎಣಿಸಿ ಮುಗಿಸಿದೊಡನೆ ಅದು ಗಹಗಹಿಸಿ ನಗುತ್ತದೆ, ಹೊರಗೆ ಗುಡುಗುತ್ತದೆ. ಜೆರ್ರಿ ನೆಲ್ಸನ್ ಎಂಬ ಕಲಾವಿದರು ಆ ಗೊಂಬೆಗೆ ದನಿಯಾಗಿದ್ದರು. 1975ರಲ್ಲಿ ಅದರ ಎಣಿಕೆಯ ಹಾಡುಗಳದೇ ಒಂದು ಧ್ವನಿಮುದ್ರಿಕೆ ಹೊರಬಂದಿತು.

ಆ ಪಾತ್ರದ ಬೇರು ಅಲ್ಲಿಯ ನೆಲದಲ್ಲಿಯೇ ಇದೆ. ಇಂಗ್ಲಿಷಿನಲ್ಲಿ ‘ಕೌಂಟ್’ ಎಂದರೆ ಒಂದು ಸರದಾರ ಪದವಿ. ಎಣಿಸು ಎಂಬ ಕ್ರಿಯಾಪದವೂ ಅದೇ. ಕಾಳು ಚೆಲ್ಲಿದರೆ ರಕ್ತಪಿಶಾಚಿ ಅದನ್ನು ಎಣಿಸದೆ ಮುಂದೆ ಹೋಗಲಾರದು ಎಂಬ ನಂಬಿಕೆಯೂ ಯುರೋಪಿನ ಜಾನಪದದಲ್ಲಿ ಉಂಟು. ಹೀಗೆ ಶ್ಲೇಷೆಯೊಂದು, ಹಳೆಯ ಕಥೆಯೊಂದು ಕೂಡಿ ಆ ಗೊಂಬೆ ಹುಟ್ಟಿತು. ಅದನ್ನು ಕನ್ನಡಕ್ಕೆ ತಂದರೆ ಉಳಿಯುವುದು ಕೋರೆಹಲ್ಲು ಮಾತ್ರ. ಇದೇ ಕಾರ್ಯಕ್ರಮದ ಭಾರತೀಯ ರೂಪ ‘ಗಲಿ ಗಲಿ ಸಿಮ್ ಸಿಮ್’ 2006ರಲ್ಲಿ ಹಿಂದಿಯಲ್ಲಿ ಬಂದಾಗ, ಶಾಲೆಯ ಸಮವಸ್ತ್ರ ತೊಟ್ಟ ಚಮಕಿ ಎಂಬ ಐದು ವರ್ಷದ ಹುಡುಗಿ, ಬೂಂಬಾ ಎಂಬ ಸಿಂಹ ಮೊದಲಾದ ಹೊಸ ಗೊಂಬೆಗಳನ್ನೇ ಸೃಷ್ಟಿಸಬೇಕಾಯಿತು. ಗೊಂಬೆಯನ್ನು ಎರವಲು ತರಬಹುದು, ಅದರ ನಗೆಯನ್ನು ತರಲಾಗದು.

ಹಾಡು ಸಾಕಲ್ಲವೇ, ಗೊಂಬೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಮನಃಶಾಸ್ತ್ರಜ್ಞರ ಕೆಲಸದಲ್ಲಿ ಉತ್ತರವಿದೆ. 1978ರಲ್ಲಿ ರೋಶೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ವಿದ್ವಾಂಸರು, ಎಣಿಸುವುದೆಂದರೆ ಹೆಸರುಗಳ ಸಾಲನ್ನು ಒಪ್ಪಿಸುವುದಷ್ಟೇ ಅಲ್ಲವೆಂದು ವಿವರಿಸಿದರು. ಹೆಸರುಗಳ ಕ್ರಮ ಬದಲಾಗಬಾರದು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಕೊನೆಗೆ ಹೇಳಿದ ಹೆಸರೇ ಒಟ್ಟು ಮೊತ್ತ. ಯಾವ ವಸ್ತುವನ್ನಾದರೂ ಎಣಿಸಬಹುದು. ಯಾವ ಕಡೆಯಿಂದ ಎಣಿಸಿದರೂ ಮೊತ್ತ ಒಂದೇ. ಈ ಐದು ತಿಳಿವಳಿಕೆಗಳು ಕೂಡಿದರೆ ಎಣಿಕೆ. ಹಾಡು ಇವುಗಳಲ್ಲಿ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತದೆ. ಉಳಿದ ನಾಲ್ಕಕ್ಕೆ ಕೈ, ಕಣ್ಣು, ಎದುರಿಗೊಂದು ವಸ್ತು ಬೇಕು. ನೂರರ ತನಕ ಗಿಳಿಪಾಠ ಒಪ್ಪಿಸುವ ಮಗು ತಟ್ಟೆಯಲ್ಲಿರುವ ಏಳು ಶೇಂಗಾಬೀಜವನ್ನು ಎಂಟು ಎಂದು ಎಣಿಸುವುದು ಇದೇ ಕಾರಣಕ್ಕೆ.

1983ರಲ್ಲಿ ಗೆಲ್ಮನ್ ಮತ್ತು ಎಲಿಜಬೆತ್ ಮೆಕ್ ಮತ್ತೊಂದು ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ಎಣಿಸಿದ್ದು ಮಕ್ಕಳಲ್ಲ, ಗೊಂಬೆ. ಗೊಂಬೆ ಒಮ್ಮೆ ಸರಿಯಾಗಿ ಎಣಿಸುತ್ತಿತ್ತು, ಒಮ್ಮೆ ಒಂದು ವಸ್ತುವನ್ನು ಬಿಟ್ಟು ಎಣಿಸುತ್ತಿತ್ತು, ಒಮ್ಮೆ ಒಂದನ್ನೇ ಎರಡು ಸಲ ಎಣಿಸುತ್ತಿತ್ತು. ಸರಿಯೋ ತಪ್ಪೋ ಎಂದು ಹೇಳುವುದು ಮಕ್ಕಳ ಕೆಲಸ. ತಾವೇ ಎಣಿಸಹೋದರೆ ಎಡವುವಷ್ಟು ದೊಡ್ಡ ರಾಶಿಯಲ್ಲಿಯೂ ಮೂರು, ನಾಲ್ಕು ವರ್ಷದ ಮಕ್ಕಳು ಗೊಂಬೆಯ ತಪ್ಪನ್ನು ಹಿಡಿದರು. ತಾನೇ ಎಣಿಸುವಾಗ ಮಗುವಿಗೆ ನೆನಪು, ಬೆರಳು, ನಾಲಿಗೆ ಮೂರನ್ನೂ ನಡೆಸುವ ಹೊರೆ ಇರುತ್ತದೆ. ಗೊಂಬೆ ಆ ಹೊರೆಯನ್ನು ಹೊತ್ತಾಗ ಮಗುವಿಗೆ ನೋಡುವ ಬಿಡುವು ದೊರೆಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಗುರುಗಳು ತಪ್ಪಿದರೆ ಮಗು ಬಾಯಿ ಬಿಡದು. ಗೊಂಬೆ ತಪ್ಪಿದರೆ ಇಡೀ ತರಗತಿ ಕೂಗುತ್ತದೆ.

ತಪ್ಪುವ ಗೊಂಬೆಗಾಗಿ ಕನ್ನಡಿಗರು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ತೊಗಲುಗೊಂಬೆಯಾಟದ ಪರದೆಯ ಮೇಲೆ ರಾಮ, ರಾವಣರ ನಡುವೆ ನುಗ್ಗಿ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಜೋಡಿ ತಲೆಮಾರುಗಳಿಂದ ಮಾಡಿದ್ದು ಈ ಕೆಲಸವನ್ನೇ. ತಪ್ಪು ಮಾತಾಡುವುದು, ತಪ್ಪು ತಿಳಿಯುವುದು, ನೋಡುವವರಿಗೆ ತಾವೇ ಜಾಣರೆನಿಸುವಂತೆ ಮಾಡುವುದು. ಕೊಪ್ಪಳದ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಾಗ ಈ ಕಲೆ ಮತ್ತೊಮ್ಮೆ ನಾಡಿನ ಗಮನ ಸೆಳೆಯಿತು. ಗಡಿಭಾಗದವರು ನೆನೆಯಬೇಕಾದ ಮಾತೊಂದು ಇಲ್ಲಿದೆ. ತೊಗಲುಗೊಂಬೆ ಆಡಿಸುವ ಈ ಸಮುದಾಯದವರ ಮನೆಮಾತು ಮರಾಠಿಯ ಒಂದು ಉಪಭಾಷೆ. ಪರದೆಯ ಹಿಂದೆ ಅವರು ಹಾಡುವುದು ಕನ್ನಡದಲ್ಲಿ. ಎರಡು ಭಾಷೆಗಳ ನಡುವೆ ಬದುಕುವುದು ಕೊರತೆಯೆಂದು ಅವರು ತಿಳಿದಿದ್ದರೆ ಕನ್ನಡಕ್ಕೆ ಈ ಆಟವೇ ದಕ್ಕುತ್ತಿರಲಿಲ್ಲ.

ಜತ್ತದ ಮಗುವಿನ ಎರಡು ಎಣಿಕೆಗಳಿಗೆ ಮರಳಿದರೆ, ಅವುಗಳ ಕಟ್ಟಡವೇ ಬೇರೆ ಬೇರೆ. ಕನ್ನಡದಲ್ಲಿ ‘ನಲವತ್ತೇಳು’ ಎಂದಾಗ ಮೊದಲು ಹತ್ತರ ಸ್ಥಾನ, ಬಳಿಕ ಬಿಡಿ. ಬರೆಯುವ ಕೈಯೂ ಮೊದಲು 4, ಬಳಿಕ 7 ಎಂದು ಅದೇ ಹಾದಿಯಲ್ಲಿ ನಡೆಯುತ್ತದೆ. ಮರಾಠಿಯ ‘ಸತ್ತೇಚಾಳೀಸ’ದಲ್ಲಿ ಏಳು ಮೊದಲು ಕೇಳುತ್ತದೆ, ನಲವತ್ತು ಬಳಿಕ. ಕೇಳಿದ ಕ್ರಮದಲ್ಲಿಯೇ ಬರೆಯುವ ಮಗು 74 ಎಂದು ಬರೆದರೆ ಅದು ದಡ್ಡತನವಲ್ಲ. ಅದೇ ರೀತಿ 29 ಮರಾಠಿಯಲ್ಲಿ ‘ಏಕೋಣತೀಸ’, ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದಲ್ಲಿ ಅದು ನೇರವಾಗಿ ‘ಇಪ್ಪತ್ತೊಂಬತ್ತು’.

ಈ ವ್ಯತ್ಯಾಸ ಮಹಾರಾಷ್ಟ್ರದಲ್ಲಿಯೇ ದೊಡ್ಡ ಚರ್ಚೆಗೆ ಕಾರಣವಾಯಿತು. 2019ರಲ್ಲಿ ಬಾಲಭಾರತಿಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ಬಾವೀಸ’ದ ಜೊತೆಗೆ ‘ವೀಸ ದೋನ’ ಎಂಬ ರೂಪವನ್ನು ಕೊಟ್ಟಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಅವರು ಗಣಿತ ಸಮಿತಿಯ ಅಧ್ಯಕ್ಷೆಯಾಗಿದ್ದರು. ಜೋಡಕ್ಷರಗಳಿಂದ ತುಂಬಿದ ಸಂಖ್ಯಾನಾಮಗಳಿಗೆ ಹೆದರಿ ಮಕ್ಕಳು ಗಣಿತದಿಂದಲೇ ದೂರ ಸರಿಯಬಾರದು ಎಂಬುದು ಅದರ ಹಿಂದಿನ ಆಶಯ. ದಕ್ಷಿಣದ ಭಾಷೆಗಳಲ್ಲಿ ಹತ್ತರ ಸ್ಥಾನವನ್ನೇ ಮೊದಲು ಹೇಳುವ ರೂಢಿಯಿದೆ ಎಂಬ ಮಾತೂ ಆ ಚರ್ಚೆಯಲ್ಲಿ ಬಂದಿತು. ಪರಂಪರೆ ಕೆಟ್ಟಿತೆಂದು ಹಲವರು ಆಕ್ಷೇಪಿಸಿದರು. ವಿಧಾನಸಭೆಯಲ್ಲಿಯೂ ವ್ಯಂಗ್ಯ, ಸಮರ್ಥನೆಗಳು ನಡೆದವು. ಯಾವ ಅನುಕೂಲವನ್ನು ಮರಾಠಿ ಮಕ್ಕಳಿಗಾಗಿ ಪುಸ್ತಕದಲ್ಲಿ ತರಲು ಇಷ್ಟು ವಾದವಾಯಿತೋ, ಅದು ಜತ್ತದ ಕನ್ನಡ ಮಗುವಿಗೆ ತಾಯಿಯ ಮಾತಿನಲ್ಲಿಯೇ ದೊರೆತಿದೆ. ಇದನ್ನು ಆ ಮಗುವಿಗೆ ಯಾರೂ ಹೇಳಿಲ್ಲ.

ಈ ಅನುಕೂಲ ಬರಿಯ ಅಭಿಮಾನದ ಮಾತಲ್ಲ. 1995ರಲ್ಲಿ ಕೆವಿನ್ ಮಿಲ್ಲರ್ ಮತ್ತು ಸಂಗಡಿಗರು ಚೀನಾ ಹಾಗೂ ಅಮೆರಿಕದ ಶಾಲಾಪೂರ್ವ ಮಕ್ಕಳ ಎಣಿಕೆಯನ್ನು ಹೋಲಿಸಿದರು. ಹತ್ತರ ತನಕ ಎರಡೂ ಕಡೆಯ ಮಕ್ಕಳು ಸರಿಸಮ. ಹತ್ತು ದಾಟಿದ ಮೇಲೆ, ‘ಹತ್ತು ಒಂದು, ಹತ್ತು ಎರಡು’ ಎಂದು ಸರಳವಾಗಿ ಸಾಗುವ ಚೀನೀ ಭಾಷೆಯ ಮಕ್ಕಳು ಮುಂದಾದರು. ಸಂಖ್ಯೆಯ ಹೆಸರು ಎಷ್ಟು ಪಾರದರ್ಶಕವೋ ಮಗುವಿನ ಹಾದಿ ಅಷ್ಟು ಸುಗಮ.

ಕನ್ನಡಕ್ಕೂ ತನ್ನ ಮುಳ್ಳುಗಳಿವೆ. ‘ಹತ್ತು’ ಎಂಬುದು ಹನ್ನೊಂದರಲ್ಲಿ ‘ಹನ್’, ಹದಿಮೂರರಲ್ಲಿ ‘ಹದಿ’ ಎಂದು ವೇಷ ಬದಲಿಸುತ್ತದೆ. ಎಪ್ಪತ್ತು, ಎಂಬತ್ತು ಕಿವಿಗೆ ಒಂದೇ ತೆರನಾಗಿ ಬೀಳುತ್ತವೆ. ತೊಂಬತ್ತಿನೊಳಗೆ ಒಂಬತ್ತನ್ನು ಹುಡುಕುವುದು ಮಗುವಿಗೆ ಕಷ್ಟ. ಒಳ್ಳೆಯ ಎಣಿಕೆಯ ಹಾಡು ನಿಲ್ಲಬೇಕಾದದ್ದು, ಮತ್ತೆ ಮತ್ತೆ ಮರಳಬೇಕಾದದ್ದು ಈ ತಾಣಗಳಲ್ಲಿ. ಒಂದರಿಂದ ಹತ್ತರ ತನಕದ ಹಾಡುಗಳು ಬೇಕಾದಷ್ಟಿವೆ. ಹತ್ತೊಂಬತ್ತರಿಂದ ಇಪ್ಪತ್ತಕ್ಕೆ, ಎಪ್ಪತ್ತೊಂಬತ್ತರಿಂದ ಎಂಬತ್ತಕ್ಕೆ ದಾಟಿಸುವ ಹಾಡುಗಳು ವಿರಳ. ಗಣಿತವನ್ನು ಹಾಡಿನ ಬಂಧದಲ್ಲಿ ಹೇಳುವುದು ಕನ್ನಡಕ್ಕೆ ಹೊಸದೇನಲ್ಲ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಲೆಕ್ಕಗಳನ್ನು ಪದ್ಯದಲ್ಲಿಯೇ ಹೇಳಿದ. ಮಗ್ಗಿಯನ್ನು ರಾಗವಾಗಿ ಹೇಳಿಸುವ ಸಂಪ್ರದಾಯವಂತೂ ಮೊನ್ನೆ ಮೊನ್ನೆಯ ತನಕ ಪ್ರತಿ ಶಾಲೆಯಲ್ಲಿತ್ತು.

ಇನ್ನು ಸರ್ಕಾರದ ಪಾಲು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಹೇಳುತ್ತದೆ. ಅದರಂತೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. 2021ರ ಜುಲೈ 5ರಂದು ಆರಂಭವಾದ ‘ನಿಪುಣ ಭಾರತ’ ಯೋಜನೆ ಮೂರನೆಯ ಇಯತ್ತೆಯೊಳಗೆ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಯಾಗಬೇಕೆನ್ನುತ್ತದೆ. ಪುಸ್ತಕ ಬಂದರೂ ದನಿ ಬರುವುದಿಲ್ಲ. ಎಣಿಕೆ ಕಿವಿಯ ವಿದ್ಯೆಯಾದ್ದರಿಂದ ಈ ಕೊರತೆ ಸಣ್ಣದಲ್ಲ. ಮೊಬೈಲ್ ತೆರೆದರೆ ಬೆಂಗಳೂರಿನ ಕಡೆಯ ಕನ್ನಡದ ಶಿಶುಗೀತೆಗಳು ಸಿಗುತ್ತವೆ, ನಿಜ. ‘ನಾಲ್ಕು’ ಎಂಬುದನ್ನು ‘ನಾಕ’ ಎಂದು ಆಡುವ ಉಮದಿಯ ಮಗುವಿಗೆ ಆ ದನಿ ಪರವೂರಿನದು.

ಆದ್ದರಿಂದ ಈ ಕೆಲಸವನ್ನು ಊರವರೇ ಕೈಗೆತ್ತಿಕೊಳ್ಳಬೇಕು. ಇದಕ್ಕೆ ದೊಡ್ಡ ಹಣ ಬೇಡ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಕೈಗೊಂಬೆ ಸಿದ್ಧ. ಪಾತ್ರವೂ ಮನೆಯ ಬಾಗಿಲಲ್ಲೇ ಇದೆ. ಇದೇ ತಾಲೂಕಿನ ಮಾಡಗ್ಯಾಳದ ಹೆಸರು ಹೊತ್ತ ಕುರಿತಳಿ ತನ್ನ ಎತ್ತರದ ಮೈಗೂ ಬಾಗಿದ ಮೂಗಿಗೂ ಪ್ರಸಿದ್ಧ. ಆ ಮೂಗಿನ ಕುರಿಯೊಂದು ತನ್ನ ಹಿಂಡನ್ನು ತಾನೇ ಎಣಿಸುತ್ತದೆ, ಪ್ರತಿ ಸಲವೂ ತನ್ನನ್ನು ಎಣಿಸುವುದನ್ನು ಮರೆಯುತ್ತದೆ ಎಂದುಕೊಂಡರೆ, ಅದನ್ನು ತಿದ್ದದ ಮಗು ಸಿಗಲಾರದು. ಎದುರಿಗೆ ಜೋಳದ ದಂಟಿನ ತುಂಡುಗಳಿರಲಿ. ಹತ್ತಾದೊಡನೆ ಒಂದು ಕಟ್ಟು ಕಟ್ಟಲಿ. ಎರಡು ಕಟ್ಟು, ಎರಡು ಬಿಡಿ ಎಂದರೆ ಇಪ್ಪತ್ತೆರಡು ಎಂಬುದನ್ನು ಕಣ್ಣೂ ಕಿವಿಯೂ ಒಟ್ಟಿಗೆ ಒಪ್ಪುತ್ತವೆ. ಹಾಡು ಏರುತ್ತ ಹೋದರೆ ಕೂಡುವುದು, ಇಳಿಯುತ್ತ ಬಂದರೆ ಕಳೆಯುವುದು. ಹಾಡಲು ಅಜ್ಜಿಯರಿದ್ದಾರೆ, ಧ್ವನಿಮುದ್ರಿಸಲು ಗುರುಗಳ ಕೈಯಲ್ಲಿ ಮೊಬೈಲ್ ಇದೆ. ಹತ್ತು ಹಾಡು ಕೂಡಿದರೆ ಅದೇ ಒಂದು ಧ್ವನಿಸಂಪುಟ.

ಆ ಸಂಪುಟದಲ್ಲಿ ಒಂದು ಹಾಡು ಎರಡು ಗೊಂಬೆಗಳದಾಗಿರಲಿ. ಒಂದು ಕನ್ನಡದಲ್ಲಿ ಎಣಿಸಲಿ, ಇನ್ನೊಂದು ಮರಾಠಿಯಲ್ಲಿ. ಒಂದು ನಲವತ್ತೇಳು ಎಂದರೆ ಮತ್ತೊಂದು ಸತ್ತೇಚಾಳೀಸ ಎನ್ನಲಿ. ಇಬ್ಬರೂ ಜಗಳಾಡಿ, ದಂಟಿನ ಕಟ್ಟುಗಳನ್ನು ಬಿಚ್ಚಿ ನೋಡಿ, ಎರಡೂ ಒಂದೇ ಎಂದು ನಗಲಿ. ಜತ್ತದ ಮಗುವಿಗೆ ಮರಾಠಿ ಬೇಕು. ಅದು ಸಂತೆಯ, ಕಚೇರಿಯ, ನೆರೆಹೊರೆಯ ಭಾಷೆ. ಆದರೆ ಒಂದು ಎಣಿಕೆ ಬರಬೇಕಾದರೆ ಇನ್ನೊಂದು ಹೋಗಬೇಕೆಂಬ ಕಟ್ಟಳೆಯೇನೂ ಇಲ್ಲ. ಕನ್ನಡ ಎಣಿಕೆಯನ್ನು ಹಿಂದೂಡುವುದು ಯಾರ ದ್ವೇಷವೂ ಅಲ್ಲ, ಬಳಸದೆ ಬಿಡುವ ಅಭ್ಯಾಸ.

ಸುಗ್ಗಿಯ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ರೈತರ ರೂಢಿ. ಕನ್ನಡದ ರೈತನೂ ಹಾಗೆನ್ನುತ್ತಾನೆ, ಮರಾಠಿಯ ರೈತನೂ ಹಾಗೆನ್ನುತ್ತಾನೆ. ಲಾಭ ಎಂಬ ಆ ಮೊದಲ ಮಾತು ಇಬ್ಬರದೂ ಹೌದು. ಅದರ ಬೆನ್ನಿಗೆ ‘ಎರಡು’ ಎಂಬ ದನಿ ಮುಂದಿನ ಸುಗ್ಗಿಗಳಲ್ಲಿಯೂ ಕೇಳಬೇಕಾದರೆ, ಅದನ್ನು ಈಗ ಆರು ವರ್ಷದವರ ಬಾಯಿಗೆ ಹಾಕಬೇಕು.