ಸಿಡಿಲು ಬಡಿದದ್ದು ಬೋರ್ಡಿಗೆ, ಬರೆ ನಮ್ಮ ಜೇಬಿಗೆ!

ಕರಾವಳಿಯ ಮೇ ತಿಂಗಳ ಸಿಡಿಲು ಗೊತ್ತಲ್ಲ? ನಮ್ಮನೆ ಇನ್ವರ್ಟರ್ ಏಸಿ ಮಲಗಿಬಿಟ್ಟಿತು. ರಿಪೇರಿಗೆ ಬಂದವನು ಮುಚ್ಚಳ ಕೂಡ ತೆಗೆಯದೆ "ಹೋಯ್ತು ಸಾರ್, ಹೊಸದೇ ತಗೊಳ್ಳಿ" ಅಂದ. ಇದ್ಯಾವ ನ್ಯಾಯ ಮಾರಾಯ್ರೆ? ಸಿಡಿಲಿಗೆ ಸಾಮಾನ್ಯವಾಗಿ ಮೊದಲು ಸುಡುವುದು ಎಲೆಕ್ಟ್ರಾನಿಕ್ ಬೋರ್ಡು. ಕಂಪ್ರೆಸರ್ ಸತ್ತಿದೆಯೋ ಇಲ್ಲವೋ ಅಂತ ಮೆಕ್ಯಾನಿಕ್ ಮಲ್ಟಿಮೀಟರ್ ಹಿಡಿದು ನೋಡಬಹುದು: ಮೂರು ಟರ್ಮಿನಲ್‌ಗಳ ನಡುವಿನ ಮೂರೂ ರೀಡಿಂಗ್ ಹೆಚ್ಚುಕಮ್ಮಿ ಒಂದೇ ಇರಬೇಕು, ಬಾಡಿಗೆ ಶಾರ್ಟ್ ಆಗಿರಬಾರದು.

ಹಠ ಹಿಡಿದು ನೋಡಿಸಿದೆ. ಕಂಪ್ರೆಸರ್ ಗಟ್ಟಿಮುಟ್ಟಾಗಿತ್ತು! ಬೋರ್ಡು ಬದಲಾಯಿಸಿದೆವು, ಏಸಿ ಎದ್ದು ಕೂತಿತು.

ಗ್ಯಾಸ್ ಸೋರುವ, ಬಿಡಿಭಾಗ ಸಿಗದ ಮುದಿ ಏಸಿಯಾದರೆ ಎಸೆಯಿರಿ, ನನ್ನ ತಕರಾರಿಲ್ಲ. ಆದರೆ ನಾಡಿ ಹಿಡಿಯದೆ ಮರಣಪತ್ರ ಬರೆಯುವವರನ್ನು ನಂಬಬೇಡಿ.

ಅಂದಹಾಗೆ, ಸ್ಟೆಬಿಲೈಸರ್ ಸಿಡಿಲು ತಡೆಯೋಲ್ಲ. ಮೋಡ ಕಪ್ಪಾದಾಗಲೇ ಪ್ಲಗ್ ಕಿತ್ತುಬಿಡಿ...