ನಾಯಕನಿಗೆ ಎದುರಾಡುವವರು

ಕಥಾನಾಯಕನು ಗುಣವಂತನಾಗಿರಬೇಕೆಂಬುದು ನಮ್ಮಲ್ಲಿ ಬಹು ಹಳೆಯ ನಂಬುಗೆ. ಲಾಕ್ಷಣಿಕರು ಧೀರೋದಾತ್ತನ ಗುಣಗಳನ್ನು ಎಣಿಸಿ ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿಕೊಟ್ಟಿದ್ದಾರೆ. ಆದುದರಿಂದ ಸ್ವಾರ್ಥಿಯೂ ಪೂರ್ವಗ್ರಹಪೀಡಿತನೂ ಆದ ಒಬ್ಬನನ್ನು ನಡುವೆ ನಿಲ್ಲಿಸಿದ ನಾಟಕವನ್ನು ಮಕ್ಕಳು ನೋಡುತ್ತಾರೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜವೇ. ಮೇಲವಂಕಿಯಲ್ಲಿ ನನ್ನ ಶಿಕ್ಷಕ ಮಿತ್ರರೊಬ್ಬರು ಈಚೆಗೆ ಇಂಥ ಆಕ್ಷೇಪವನ್ನೇ ಎತ್ತಿದರು. ಅವರ ಮಗನು ಇಂಗ್ಲೆಂಡಿನ ಹಳೆಯದೊಂದು ದೂರದರ್ಶನ ನಾಟಕವನ್ನು ಮೊಬೈಲಿನಲ್ಲಿ ನೋಡುತ್ತಿದ್ದನಂತೆ. "ಗಾಯಾದ ಮನುಷ್ಯಾನ ಮ್ಯಾಲೆ ಕಲ್ಲ ಎತ್ತಾಕ ಹೋಗ್ತಾನರೀ ಆ ಮುದುಕ. ಇಂಥಾವ್ನ ಕಥಾನಾಯಕ ಅಂದ್ರ ಹುಡುಗೂರು ಏನ ಕಲೀಬೇಕು?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದು. ಉತ್ತರ ಮಾತ್ರ ಅವರೆಣಿಸಿದಷ್ಟು ಸರಳವಲ್ಲವೆಂದು ನನಗೆ ತೋರುತ್ತದೆ.

ಆ ನಾಟಕದ ಹೆಸರು 'ಡಾಕ್ಟರ್ ಹೂ.' ೧೯೬೩ರ ನವೆಂಬರ್ ೨೩ರಂದು ಬಿ.ಬಿ.ಸಿ.ಯಲ್ಲಿ ಮೊದಲಾಯಿತು. ಅದರ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು. ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸುವ ನೌಕೆಯೊಂದರ ಒಡೆಯನಾದ ವೃದ್ಧನೇ ಕಥಾನಾಯಕ. ವಿಲಿಯಂ ಹಾರ್ಟ್‌ನೆಲ್ ಅವನ ಪಾತ್ರ ವಹಿಸಿದ್ದರು. ಮುಂದಿನ ವರ್ಷಗಳಲ್ಲಿ ಲೋಕವೆಲ್ಲ ಮೆಚ್ಚಿದ ಈ ಡಾಕ್ಟರನು ಮೊದಲ ಕಥೆಗಳಲ್ಲಿ ಮೆಚ್ಚತಕ್ಕವನಲ್ಲ. ತನ್ನ ಮೊಮ್ಮಗಳು ಓದುತ್ತಿದ್ದ ಶಾಲೆಯ ಇಬ್ಬರು ಶಿಕ್ಷಕರು ಕುತೂಹಲದಿಂದ ಹಿಂಬಾಲಿಸಿ ಬಂದುದೇ ತಪ್ಪಾಯಿತು. ತನ್ನ ಗುಟ್ಟು ಬಯಲಾದೀತೆಂದು ಅವನು ಅವರ ಇಚ್ಛೆಯನ್ನು ಕೇಳದೆ ನೌಕೆಯನ್ನು ಹೊರಡಿಸಿಬಿಡುತ್ತಾನೆ. ಶಿಲಾಯುಗದ ಜನರ ನಡುವೆ ಇಳಿದಾಗ ಅವರನ್ನು ಮನುಷ್ಯರೆಂದೇ ಎಣಿಸುವುದಿಲ್ಲ. ಅಲ್ಲಿಂದ ತಪ್ಪಿಸಿಕೊಂಡು ಓಡುವಾಗ ಗಾಯಗೊಂಡು ಬಿದ್ದವನ ಉಪಚಾರಕ್ಕೆ ಉಳಿದವರು ನಿಂತರೆ, ಇವನು ಕಲ್ಲನ್ನು ಕೈಗೆತ್ತಿಕೊಳ್ಳುತ್ತಾನೆ. ಎರಡನೆಯ ಕಥೆಯಲ್ಲಿ, ದೂರದ ನಗರವೊಂದನ್ನು ನೋಡುವ ತನ್ನ ಚಪಲಕ್ಕಾಗಿ ನೌಕೆ ಕೆಟ್ಟಿದೆಯೆಂದು ಸುಳ್ಳು ಹೇಳಿ ಎಲ್ಲರ ಪ್ರಾಣವನ್ನೂ ಪಣಕ್ಕಿಡುತ್ತಾನೆ.

ನನ್ನ ಮಿತ್ರರು ನೋಡಿದುದು ಕಲ್ಲನ್ನು ಹಿಡಿದ ಕೈಯನ್ನು. ಆ ಕೈಯನ್ನು ಹಿಡಿದು ತಡೆದ ಇನ್ನೊಂದು ಕೈಯನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ವಿಜ್ಞಾನದ ಶಿಕ್ಷಕ ಇಯಾನನ ಕೈ. ಮೂರನೆಯ ಕಥೆ ೧೯೬೪ರ ಫೆಬ್ರವರಿಯದು. ನೌಕೆಯನ್ನು ಕೆಡಿಸಿದವರು ನೀವೇ ಎಂದು ಡಾಕ್ಟರನು ಈ ಇಬ್ಬರ ಮೇಲೆ ದೋಷ ಹೊರಿಸಿದಾಗ, ಇತಿಹಾಸದ ಶಿಕ್ಷಕಿ ಬಾರ್ಬರಾ ಅವನ ಮುಖಕ್ಕೆ ನಿಂತು, ತಾವು ಅವನ ಪ್ರಾಣ ಉಳಿಸಿದ ಸಂಗತಿಯನ್ನು ನೆನಪಿಸಿ ಖಂಡಿಸುತ್ತಾಳೆ. ಕೊನೆಗೆ ನೋಡಿದರೆ ಕೆಟ್ಟದ್ದು ಒಂದು ಗುಂಡಿಯ ಕೆಳಗಿನ ಸಣ್ಣ ಸ್ಪ್ರಿಂಗು! ಆ ಜಂಬದ ಮುದುಕನು ಆಕೆಯ ಕ್ಷಮೆ ಕೇಳಬೇಕಾಗುತ್ತದೆ. ಲೋಕಲೋಕಗಳನ್ನು ಸುತ್ತಿದ ಜ್ಞಾನಿಯನ್ನು ತಿದ್ದಿದವರು ಇಬ್ಬರು ಸಾಮಾನ್ಯ ಶಾಲಾ ಶಿಕ್ಷಕರು. ಈ ನಾಟಕದ ಪುಣ್ಯವೆಲ್ಲ ಇಲ್ಲಿದೆಯೆಂದು ನನ್ನ ಮತ.

ಇದು ನಮಗೆ ಹೊಸದೂ ಅಲ್ಲ. ಮೇಲವಂಕಿಯ ನೆರೆಯ ಕುಲಗೋಡದ ತಮ್ಮಣ್ಣನಿಂದ ಬೆಳೆದು, ಕೌಜಲಗಿ ನಿಂಗಮ್ಮನವರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ 'ಶ್ರೀಕೃಷ್ಣ ಪಾರಿಜಾತ'ವನ್ನು ನೆನೆಯಿರಿ. ನಾರದನು ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಕೆರಳುವ ಸತ್ಯಭಾಮೆ ಎಂಥವಳು? ತನ್ನ ರೂಪದ ಮುಂದೆ ಪರರ ರೂಪವಿಲ್ಲ, ತನ್ನ ದುಃಖದ ಮುಂದೆ ಪರರ ದುಃಖವಿಲ್ಲ. ಆದರೂ ಇರುಳೆಲ್ಲ ಕುಳಿತು ಆಟ ನೋಡುವ ನಮ್ಮ ಗೋಕಾವಿ ನಾಡಿನ ಜನ ಆಕೆಯನ್ನು ಬೇಡವೆನ್ನಲಿಲ್ಲ. ಏಕೆಂದರೆ ನಮ್ಮ ಆಟಗಳ ರಂಗದಲ್ಲಿ ಪಾತ್ರ ಒಂಟಿಯಲ್ಲ. ಭಾಗವತನು ಮಗ್ಗುಲಲ್ಲಿ ನಿಂತಿರುತ್ತಾನೆ. ಅವನು ಪಾತ್ರವನ್ನು ಮಾತಾಡಿಸುತ್ತಾನೆ, ಕೆಣಕುತ್ತಾನೆ, ಹೊಗಳಿದಂತೆ ಮಾಡಿ ಕಾಲೆಳೆಯುತ್ತಾನೆ. ಪಾರಿಜಾತದ ಗಿಡ ಭಾಮೆಯ ಅಂಗಳದಲ್ಲಿ ಬೇರೂರಿದರೂ ಹೂವು ರುಕ್ಮಿಣಿಯ ಅಂಗಳದಲ್ಲಿ ಉದುರಿತೆಂದು ನಮ್ಮ ಜನ ಹೇಳಿಕೊಂಡು ಬಂದ ಮಾತಿನಲ್ಲಿಯೂ ಇದೇ ವಿವೇಕವಿದೆ. ಭಾಮೆಯನ್ನು ಯಾರೂ ಶಪಿಸಲಿಲ್ಲ. ಆಕೆಗೆ ಉತ್ತರವನ್ನು ಮಾತ್ರ ಕೊಟ್ಟರು.

ಸ್ವಾರ್ಥಿಯು ಕಥಾನಾಯಕನಾಗುವುದು ದೋಷವಲ್ಲ. ಅವನಿಗೆ ಎದುರಾಡುವವರಿಲ್ಲದಿರುವುದು ದೋಷ. 'ಡಾಕ್ಟರ್ ಹೂ'ವಿನ ಎರಡನೆಯ ಕಥೆಯಲ್ಲಿಯೇ ಡಾಲೆಕರೆಂಬ ಜೀವಿಗಳು ಬರುತ್ತಾರೆ. ತಮ್ಮಂತಿಲ್ಲದುದೆಲ್ಲ ನಾಶವಾಗಬೇಕೆಂಬುದು ಅವರ ಧರ್ಮ. ಲೋಹದ ಚಿಪ್ಪಿನೊಳಗೆ ಕುಳಿತ ಅವರ ಕಿವಿಗೆ ಪರರ ಮಾತು ನಾಟುವುದಿಲ್ಲ. ಡಾಕ್ಟರನಲ್ಲಿ ಬೀಜವಾಗಿದ್ದ ತಾತ್ಸಾರ ಅವರಲ್ಲಿ ಮರವಾಗಿದೆ. ಅವನಿಗೂ ಅವರಿಗೂ ಇರುವ ಅಂತರವೆಂದರೆ, ಅವನ ಜೊತೆಯಲ್ಲಿ ಬೈದು ಹೇಳುವವರಿದ್ದರು ಎಂಬುದಷ್ಟೇ.

ಇದನ್ನು ಬರೆಯುವಾಗ ನನ್ನದೇ ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ವರ್ಷಗಳ ಹಿಂದಿನ ಮಾತು. ಕಬ್ಬು ಕಡಿಯಲು ಬಂದ ಗುಂಪಿನ ಹುಡುಗನೊಬ್ಬ ಸುಗ್ಗಿಯ ಕಾಲಕ್ಕೆ ನನ್ನ ತರಗತಿಯಲ್ಲಿ ಬಂದು ಕುಳಿತಿದ್ದ. ಒಂದು ದಿನ, ಯಾರಿಗೂ ಬಿಡಿಸಲಾಗದ ಲೆಕ್ಕವನ್ನು ಅವನು ಪಾಟಿಯ ಮೇಲೆ ಚೊಕ್ಕಟವಾಗಿ ಬಿಡಿಸಿ ತೋರಿಸಿದ. "ಯಾರ ಪಾಟಿ ನೋಡಿ ಬರದಿ?" ಎಂದೆ. ಹುಡುಗ ಮಾತಾಡಲಿಲ್ಲ. ಅಂಗೈಯಿಂದ ಲೆಕ್ಕವನ್ನು ಒರೆಸಿಕೊಂಡು ಹಿಂದೆ ಹೋಗಿ ಕುಳಿತ. ಉಳಿದ ಯಾರೂ ಬಿಡಿಸದ ಲೆಕ್ಕವನ್ನು ಅವನು ಯಾರ ಪಾಟಿ ನೋಡಿ ಬರೆಯಬೇಕಿತ್ತು? ಇಷ್ಟು ಸಣ್ಣ ತರ್ಕವೂ ಗಣಿತದ ಮಾಸ್ತರನಾದ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೊಳೆದಾಗ ಸುಗ್ಗಿ ಮುಗಿದಿತ್ತು, ಗುಂಪು ಗಾಡಿ ಕಟ್ಟಿಕೊಂಡು ಹೋಗಿತ್ತು. ನಾನು ಕೆಟ್ಟವನೆಂದು ಆ ದಿನ ನನಗೆ ಅನಿಸಿರಲಿಲ್ಲ. ಪೂರ್ವಗ್ರಹದ ಲಕ್ಷಣವೇ ಅದು: ಇದ್ದವನಿಗೆ ಅದು ಕಾಣದು. ನಲವತ್ತು ಮಕ್ಕಳಲ್ಲಿ ಒಬ್ಬನಾದರೂ ಎದ್ದು "ತಪ್ಪರೀ ಸರ್" ಎಂದಿದ್ದರೆ ನಾನು ಸಿಟ್ಟಾಗುತ್ತಿದ್ದೆ. ಆದರೆ ಆ ಹುಡುಗ ಪಾಟಿ ಒರೆಸುತ್ತಿರಲಿಲ್ಲ.

ಆದಕಾರಣ ಅನ್ಯಲೋಕದ ಕಥೆಗಳನ್ನು ನಾನು ಕೀಳೆನ್ನಲಾರೆ. ಶಿಲಾಯುಗದವರನ್ನು ಕಂಡು ಮೂಗು ಮುರಿಯುವ ಮುದುಕನನ್ನು ನೋಡಿ ನಗುವುದು ಸುಲಭ. ಆ ನಗೆ ಮುಗಿಯುವ ಮೊದಲು ನಮ್ಮ ಊರಿನ ಓಣಿಗಳ ನೆನಪಾದರೆ ನಾಟಕ ಸಾರ್ಥಕ. ಕನ್ನಡದಲ್ಲಿ ಇಂಥ ನಾಟಕಗಳನ್ನು ಬರೆಯುವ ತರುಣರಿಗೆ ನನ್ನ ವಿನಂತಿ ಒಂದೇ: ನಾಯಕನನ್ನು ದೇವರು ಮಾಡಬೇಡಿರಿ, ಅವನ ಸಣ್ಣತನವನ್ನು ವಾದ್ಯ ಬಾರಿಸಿ ಮೆರೆಸಲೂ ಬೇಡಿರಿ. ಅವನ ಜೊತೆಯಲ್ಲಿ ಹೆದರದೆ ಮಾತಾಡುವ ಒಬ್ಬರನ್ನು ಕಳಿಸಿರಿ. ಬಯಲಾಟದ ನೋಟಕರ ಸುತ್ತ ಊರೇ ಇರುತ್ತಿತ್ತು. ಮೊಬೈಲಿನ ಮುಂದೆ ಕುಳಿತ ಹುಡುಗ ಒಬ್ಬನೇ. ಅವನಿಗೆ ಭಾಗವತನಿಲ್ಲ.

ಮಿತ್ರರಿಗೂ ಇದನ್ನೇ ಹೇಳಿದೆ. ಮೊಬೈಲು ಕಸಿದುಕೊಳ್ಳಬೇಡಿರಿ, ಮಗನ ಮಗ್ಗುಲಿಗೆ ಕುಳಿತು ನೋಡಿರಿ. ಆ ಮುದುಕ ಕಲ್ಲೆತ್ತಿದಾಗ ಹುಡುಗ ಏನೆನ್ನುತ್ತಾನೆಂದು ಕೇಳಿರಿ.